ಅಡಿಗಲ್ಲಮ್ಮನ ಗುಡ್ಡ

ಹಗರಿ ಹೊಳೆಯ ಪಡುವಣ ದಂಡೆಯಲ್ಲಿ, ಗೋಣಿದುರ್ಗದ ಹಾಳು ಕೋಟೆಗೆ ಒಂದು ಹರದಾರಿ ದೂರದಲ್ಲಿ, ಮರವಿಲ್ಲದ ಒಂದು ಕಲ್ಲುಗುಡ್ಡವಿದೆ. ರಸ್ತೆಯಿಂದ ನೋಡುವವರಿಗೆ ಅದು ಒಂದು ಮಗ್ಗುಲಿನಲ್ಲಿ ಮುರಿದಿಟ್ಟ ಬೆಲ್ಲದ ಅಚ್ಚಿನಂತೆ ಕಾಣುತ್ತದೆ. ಆ ಮಗ್ಗುಲಿನ ಬಂಡೆಯನ್ನೆಲ್ಲ ನೇರವಾಗಿ ಸೀಳಿ ತೆಗೆದಿದ್ದಾರೆ. ಹತ್ತಿರ ಹೋದರೆ ಬಂಡೆಯ ಮೈಮೇಲೆ ಉಳಿಯ ಗುಳಿಗಳ ಸಾಲು ಸಾಲು. ಕಡಿದು ಸಿದ್ಧಪಡಿಸಿ ಸಾಗಿಸದೆಯೇ ಬಿಟ್ಟ ಕಂಬಗಳು ಹುಲ್ಲಿನಲ್ಲಿ ಮಲಗಿವೆ. ಗುಡ್ಡದ ಅರ್ಧಕ್ಕೆ, ಇಳಿಜಾರಿನಲ್ಲಿ, ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಸಣ್ಣ ಗುಡಿ. ಅದಕ್ಕೆ ಸೂರಿಲ್ಲ, ಒಳಗೆ ವಿಗ್ರಹವೂ ಇಲ್ಲ. ಇರುವುದು ನೆಲದಲ್ಲಿ ಅರ್ಧ ಹೂತು ಒಂದು ಕಡೆಗೆ ವಾಲಿದ ಕರಿಯ ಕಬ್ಬಿಣದ ದಿಮ್ಮಿ. ಮೇಲ್ಭಾಗ ಬಳಸಿ ಬಳಸಿ ಅಂಗೈಯಂತೆ ತಗ್ಗಾಗಿದೆ. ಅದಕ್ಕೆ ಎಣ್ಣೆ ಸವರುತ್ತಾರೆ. ಅರಿಶಿನ ಕುಂಕುಮ ಹಚ್ಚುವ ಪದ್ಧತಿಯಿಲ್ಲ. ಊರ ಮುಂದಿನ ಫಲಕದಲ್ಲಿ ‘ಅಡಗಲ್ ಬೆಟ್ಟ’ ಎಂದು ಬರೆದಿದೆ. ಅದನ್ನು ಓದಿದ ಹೊರಗಿನವರು ಯಾರೋ ಇಲ್ಲಿ ಅಡಗಿ ಕುಳಿತಿದ್ದರೇನೋ ಎಂದು ಭಾವಿಸುತ್ತಾರೆ. ಇಲ್ಲಿ ಅಡಗಿದವರು ಯಾರೂ ಇಲ್ಲ. ನಮ್ಮ ಹಿರಿಯರ ಬಾಯಲ್ಲಿ ಇದು ಅಡಿಗಲ್ಲಮ್ಮನ ಗುಡ್ಡ. ಕಮ್ಮಾರರು ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ದಿಮ್ಮಿಗೆ ಅಡಿಗಲ್ಲು ಎನ್ನುತ್ತಾರೆ. ಅಂಥ ಒಂದು ದಿಮ್ಮಿ ಅಮ್ಮನಾದದ್ದು ಹೇಗೆ ಎಂಬುದನ್ನು ನನ್ನ ಅಜ್ಜಿ ಹೇಳುತ್ತಿದ್ದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ. ಕೇಳಿ ಸಂತೋಷಪಡುವಂಥ ಸಂಗತಿ ಇದರಲ್ಲಿ ಹೆಚ್ಚಿಲ್ಲ.

ಹಿಂದೆ ಒಮ್ಮೆ, ಹಂಪೆಯ ಅರಸೊತ್ತಿಗೆ ಬಿದ್ದುಹೋಗಿ ಗುಡ್ಡಕ್ಕೊಬ್ಬ ದೊರೆ ಎದ್ದ ಕಾಲದಲ್ಲಿ, ಗೋಣಿದುರ್ಗವನ್ನು ಚಿಕ್ಕರಂಗಪ್ಪನೆಂಬವನು ಆಳುತ್ತಿದ್ದ. ಅವನ ತಂದೆ ಮಣ್ಣಿನ ಕೋಟೆಯಲ್ಲಿ ಬದುಕಿ ಸತ್ತಿದ್ದ. ಮಗನಿಗೆ ಕಲ್ಲಿನ ಕೋಟೆ ಬೇಕಾಯಿತು. ಆಗ ಸೀಮೆಯ ಪ್ರತಿ ಮನೆಯಿಂದ ಒಂದು ಆಳು ಸುಗ್ಗಿ ಮುಗಿದ ಮೇಲೆ ಕೆಲವು ದಿನ ದೊರೆಯ ಕೆಲಸವನ್ನು ಕೂಲಿಯಿಲ್ಲದೆ ಮಾಡಿಕೊಡಬೇಕಿತ್ತು. ಇದನ್ನು ಬಿಟ್ಟಿ ಎನ್ನುತ್ತಿದ್ದರು. ಕೋಟೆಯ ಕೆಲಸ ಹಿಡಿದ ಮೇಲೆ ಬಿಟ್ಟಿಯ ದಿನಗಳು ತಿಂಗಳುಗಳಾದವು. ಸುಗ್ಗಿ ಕಳೆದ ಮೇಲೆ ಎಂಬ ಮಾತೂ ಹೋಯಿತು. ಬಿತ್ತನೆಯ ಹದ ಬಂದಾಗಲೂ ಗಂಡಸರು ಕಲ್ಲು ಹೊರುತ್ತಿದ್ದರು. ಅವರು ಬರುವ ಹೊತ್ತಿಗೆ ಹೊಲದಲ್ಲಿ ಹದ ಆರಿಹೋಗಿರುತ್ತಿತ್ತು. ದೊರೆಯ ಮುಂದೆ ದೂರು ಹೇಳುವುದಕ್ಕೆ ಜಾಗವಿರಲಿಲ್ಲ. ಆದರೆ ಅಂದಿನ ಒಕ್ಕಲು ಮಕ್ಕಳಿಗೆ ತಾತ ಮುತ್ತಾತರ ಕಾಲದಿಂದ ಒಂದು ದಾರಿ ಉಳಿದಿತ್ತು. ತಾಳಲಾರದಂತಾದಾಗ ಇಡೀ ಊರು ಒಲೆ ಆರಿಸಿ, ದನಕರು ಹೊಡೆದುಕೊಂಡು, ಬೇರೊಬ್ಬ ದೊರೆಯ ಸೀಮೆಗೆ ಹೊರಟುಬಿಡುತ್ತಿತ್ತು. ಇದನ್ನು ಒಕ್ಕಲು ಏಳುವುದು ಎನ್ನುತ್ತಿದ್ದರು. ಕತ್ತಿಯಿಲ್ಲದವರಿಗೆ ಇದ್ದ ಬಲ ಇದೊಂದೇ.

ತೊಗರಿಗುಂಟೆಯೆಂಬ ಊರಿನವರು ಹಾಗೆ ಎದ್ದರು. ಊರಿನ ಗೌಡನಾದ ತಿಪ್ಪೇಗೌಡನು ಮುದುಕ. ಮಾತು ಕಡಿಮೆ, ಆಡಿದ ಮಾತು ಗಟ್ಟಿ. ಅವನು ಕೋಟೆಗೆ ಹೇಳಿಕಳುಹಿಸಿ, ಹಾಡಹಗಲಿನಲ್ಲೇ ಊರನ್ನು ಹೊರಡಿಸಿದ. ಅವನ ಮಗ ಬೋರಣ್ಣ, ಸೊಸೆ ಗಾಳೆಮ್ಮ, ಒಂದು ಕಾಲು ಕುಂಟಾದ ಅವನ ವಿಧವೆ ಅಕ್ಕ ದುರುಗಮ್ಮ, ಊರಿನ ಎಲ್ಲ ಒಕ್ಕಲೂ ಹಗರಿಯ ಕಡೆಗೆ ನಡೆದರು. ಹೊಳೆಯಾಚೆ ಬೇರೆ ಸೀಮೆ, ಬೇರೆ ದೊರೆ. ಈಚೆಯ ಕುದುರೆ ಆಚೆ ದಂಡೆಗೆ ಕಾಲಿಟ್ಟರೆ ಕಾಳಗವೇ ಆಗುತ್ತಿತ್ತು. ಆದರೆ ಅಂದು ಮೇಲು ನಾಡಿನಲ್ಲಿ ಮಳೆಯಾಗಿ ಹೊಳೆ ದಡ ತುಂಬಿ ಬಂದಿತ್ತು. ದಾಟಲಾಗದೆ ಅವರು ದಂಡೆಯಲ್ಲಿ ಕುಳಿತಿದ್ದಾಗ ಕುದುರೆಯವರು ಬಂದು ಸುತ್ತುಗಟ್ಟಿದರು. ಮಕ್ಕಳು ಮುದುಕರೆನ್ನದೆ ಎಲ್ಲರನ್ನೂ ಹಗ್ಗ ಹಾಕಿ ಹಿಂದಕ್ಕೆ ತಂದರು.

ದೊರೆ ಕೋಟೆಯ ಬಾಗಿಲಲ್ಲಿಯೇ ಕುಳಿತು ಕೇಳಿದ, “ಯಾರಿಗೆ ಹೇಳಿ ಹೊರಟಿರಿ?” ತಿಪ್ಪೇಗೌಡ ಕೈ ಮುಗಿದು, ಆದರೆ ತಲೆ ತಗ್ಗಿಸದೆ ಹೇಳಿದನಂತೆ: “ತಮಗೇ ಹೇಳಿ ಹೊರಟಿದ್ವಿ ದೊರೆಗಳೇ. ಕದ್ದು ಓಡಲಿಲ್ಲ. ಒಕ್ಕಲು ಏಳೋದು ನಮ್ಮ ಹಿರೇರ ಕಾಲದಿಂದ ಐತೆ. ಇರಬೇಕು ಅನ್ನಿಸಿದ ಕಡೆ ಇರ್ತೀವಿ, ಆಗದಿದ್ರೆ ಹೋಗ್ತೀವಿ. ಆ ದಾರೀನೂ ಮುಚ್ಚಿದ್ರೆ ನಾವು ಒಕ್ಕಲಲ್ಲ, ತೊತ್ತುಗಳು.” ದೊರೆ, “ಹಾಗಾದರೆ ತೊತ್ತುಗಳೇ ಆಗಿರಿ” ಎಂದ. ಅಂದಿನಿಂದ ತೊಗರಿಗುಂಟೆಯವರು ಊರಿಗೆ ಮರಳಬಾರದು, ಹೊಳೆಯ ಪಕ್ಕದ ಗುಡ್ಡದಲ್ಲಿ ಕೋಟೆಗೆ ಕಲ್ಲು ಕಡಿಯುತ್ತ ಅಲ್ಲಿಯೇ ಇರಬೇಕು, ನಡೆಯಬಲ್ಲ ಪ್ರತಿಯೊಬ್ಬರ ಕಾಲಿಗೂ ಬೇಡಿ ಬೀಳಬೇಕು ಎಂದು ಅಪ್ಪಣೆಯಾಯಿತು. ಆ ಸೀಮೆಯಲ್ಲಿ ಅದಕ್ಕೆ ಮೊದಲು ಒಕ್ಕಲುಮಕ್ಕಳ ಕಾಲಿಗೆ ಕಬ್ಬಿಣ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ.

ಬೇಡಿ ಮಾಡಲು ಕೋಟೆಯ ಕೆಳಗಿನ ಪೇಟೆಯಲ್ಲಿದ್ದ ಕಮ್ಮಾರ ಈರಣಾಚಾರಿಯನ್ನು ಕರೆಸಿದರು. ತೊಗರಿಗುಂಟೆಯ ನೇಗಿಲು ಕುಡುಗೋಲುಗಳೆಲ್ಲ ಅವನ ಕುಲುಮೆಯಲ್ಲೇ ಹುಟ್ಟಿದ್ದವು. ಪ್ರತಿ ಸುಗ್ಗಿಯಲ್ಲಿ ಆ ಊರಿನ ಕಣಗಳಿಂದ ಅವನ ಮನೆಗೆ ಕಾಳು ಬರುತ್ತಿತ್ತು. ಅವನು ಕೆಲಸಕ್ಕೆ ಒಪ್ಪಲಿಲ್ಲ. “ಇವರ ನೇಗಿಲ ಕುಳ ತಟ್ಟಿದ ಅಡಿಗಲ್ಲು ಇದು. ಇದರ ಮೇಲೆ ಇವರ ಕಾಲಿನ ಬೇಡಿ ತಟ್ಟಲಾರೆ” ಎಂದ. ದೊರೆಯ ಆಳುಗಳು ಅವನ ಬಲಗೈಯನ್ನು ಅದೇ ಅಡಿಗಲ್ಲಿನ ಮೇಲಿಟ್ಟು ಮಣಿಕಟ್ಟಿಗೆ ಕಡಿದರು. ಗಾಯ ಕೊಳೆಯಿತು. ಜ್ವರದಲ್ಲಿ ಕನವರಿಸುತ್ತ ಅವನು ಆ ತಿಂಗಳಿನಲ್ಲಿಯೇ ತೀರಿಕೊಂಡ.

ಅವನ ಹೆಂಡತಿಯ ಹೆಸರು ಮೋನಮ್ಮ. ಮಕ್ಕಳಿರಲಿಲ್ಲ. ಗಂಡನ ಎದುರು ನಿಂತು ಸಮ್ಮಟಿಗೆ ಹೊಡೆದು ಹೊಡೆದು ಕೆಲಸವನ್ನು ಅವನಷ್ಟೇ ಬಲ್ಲವಳು. ಸೂತಕ ಕಳೆದ ಮರುದಿನ ಕಾವಲಿನವರ ಮುಖ್ಯಸ್ಥ ಜಡೆಯಪ್ಪನೆಂಬವನು ಅವಳ ಮನೆಗೆ ಬಂದ. ಅವನು ಬೆದರಿಸಲೂ ಇಲ್ಲ, ಬೈಯಲೂ ಇಲ್ಲ. ಒರೆಯಿಂದ ಕತ್ತಿ ತೆಗೆದು ಅಡಿಗಲ್ಲಿನ ಮೇಲೆ ಇಟ್ಟು ಸುಮ್ಮನೆ ಕುಳಿತ. ಮೋನಮ್ಮ ಎದ್ದು ಕುಲುಮೆಗೆ ಇದ್ದಿಲು ಹಾಕಿದಳು. ಗಂಡನು ಕೈ ಕಳೆದುಕೊಂಡು ಸತ್ತರೂ ಮಾಡದ ಕೆಲಸವನ್ನು ಹೆಂಡತಿ ಒಪ್ಪಿಕೊಂಡದ್ದಕ್ಕೆ ಕೆಲವರು ಏನೇನೋ ಕಾರಣ ಹೇಳುತ್ತಾರೆ. ಆಗಲೇ ಅವಳ ಮನಸ್ಸಿನಲ್ಲಿ ಉಪಾಯವಿತ್ತು ಎನ್ನುತ್ತಾರೆ. ನನ್ನ ಅಜ್ಜಿ ಅದನ್ನು ಒಪ್ಪುತ್ತಿರಲಿಲ್ಲ. “ಅವಳಿಗೆ ಹೆದರಿಕೆ ಆಗಿತ್ತು, ಅಷ್ಟೇ. ನಿನಗೂ ಆಗ್ತಿತ್ತು, ನನಗೂ ಆಗ್ತಿತ್ತು” ಎನ್ನುತ್ತಿದ್ದಳು. ಅವಳು ಮಾಡಿದ ಬೇಡಿಗಳು ಗಟ್ಟಿಯಾಗಿದ್ದವು. ಜಡೆಯಪ್ಪ ಒಂದನ್ನು ಕಲ್ಲಿನ ಮೇಲಿಟ್ಟು ಬಡಿದು ನೋಡಿ ಮೆಚ್ಚಿಕೊಂಡ. ಕುಲುಮೆಯನ್ನೂ ಅಡಿಗಲ್ಲನ್ನೂ ಗಾಡಿಯ ಮೇಲೆ ಹೇರಿ ಗುಡ್ಡಕ್ಕೆ ಸಾಗಿಸಿದರು. ಅಲ್ಲಿಯೇ ಅವಳು ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕಾಲಿಗೆ ಕಬ್ಬಿಣದ ಬಳೆ ತೊಡಿಸಿ, ಮೊಳೆ ಜಡಿದು, ಎರಡು ಕಾಲುಗಳ ನಡುವೆ ಸರಪಳಿ ಹಾಕಿದಳು. ಬೋರಣ್ಣನ ಸರದಿ ಬಂದಾಗ ಅವನು, “ಆಚಾರ್ರು ಸತ್ತದ್ದು ದಂಡ ಆಯ್ತಲ್ಲವ್ವ” ಎಂದನಂತೆ. ಅವಳು ಅವನ ಬಳೆಗೂ ಮೊಳೆ ಜಡಿದಳು.

ಗುಡ್ಡದ ಬಾಳು ಹೇಗಿತ್ತೆಂಬುದನ್ನು ವಿವರಿಸುವುದು ಬೇಡ. ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಕಲ್ಲು. ಎರಡು ಹೊತ್ತು ನೀರಾದ ಗಂಜಿ. ಮೋನಮ್ಮನ ಕಾಲಿಗೆ ಬೇಡಿಯಿರಲಿಲ್ಲ. ಆದರೆ ಅವಳೂ ಗುಡ್ಡ ಬಿಟ್ಟು ಇಳಿಯುವಂತಿರಲಿಲ್ಲ. ದಿನವೆಲ್ಲ ಮೊಂಡಾದ ಉಳಿಗಳನ್ನೂ ಹಾರೆಗಳನ್ನೂ ಕಾಸಿ ಮೊನೆ ಮಾಡುವುದು ಅವಳ ಕೆಲಸ. ಕಲ್ಲು ಹೊರಲಾಗದ ಕುಂಟಿ ದುರುಗಮ್ಮನನ್ನು ಅವಳ ಕುಲುಮೆಗೆ ಗಾಳಿಯೂದುವ ತಿದಿ ಒತ್ತಲು ಕೂರಿಸಿದ್ದರು. ಕಾವಲಿನವರು ಮಧ್ಯಾಹ್ನದ ಬಿಸಿಲಿಗೆ ಗುಡ್ಡದ ಬುಡದ ಹುಣಿಸೆ ಮರದ ಕೆಳಗೆ ಇಳಿದು ಉಂಡು ಮಲಗುತ್ತಿದ್ದರು. ಅಲ್ಲಿಂದ ಮೇಲಿನದು ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಉಳಿಗಳ ಸದ್ದು ಕೇಳಿಸುತ್ತಿದ್ದರೆ ಕೆಲಸ ನಡೆದಿದೆ ಎಂದು ಅರ್ಥ; ಸದ್ದು ಇಳಿದರೆ ಚಾವಟಿ ಹಿಡಿದು ಹತ್ತಿ ಬರುತ್ತಿದ್ದರು. ಕಿವಿಯಿಂದಲೇ ಇಡೀ ಊರನ್ನು ಕಾಯುತ್ತಿದ್ದರು.

ಆ ವರ್ಷದ ಚಳಿಗಾಲದಲ್ಲಿ ಬೋರಣ್ಣ ಸತ್ತ. ಮೇಲಿನಿಂದ ಜಾರಿದ ಕಲ್ಲನ್ನು ಕಂಡೂ ಬೇಡಿಯ ಕಾಲಿನಲ್ಲಿ ಸರಿದುಕೊಳ್ಳಲಾಗಲಿಲ್ಲ. ಆಗ ಗಾಳೆಮ್ಮ ಬಸುರಿ. ಹೆಣವನ್ನು ಮಣ್ಣು ಮಾಡಲು ಎತ್ತಿದಾಗ ಜಡೆಯಪ್ಪ ತಡೆದು, ಕಬ್ಬಿಣ ಹಾಳಾಗಬಾರದು, ಬೇಡಿಯನ್ನು ತೆಗೆದುಕೊಂಡು ಹೆಣ ಕೊಡಿ ಎಂದ. ಮೋನಮ್ಮನನ್ನು ಕರೆದರು. ಬಳೆ ಕಾಲಿನ ಮಾಂಸಕ್ಕೆ ಕಚ್ಚಿಕೊಂಡಿತ್ತು. ಅವಳು ಹೆಣದ ಪಕ್ಕ ಕುಳಿತು ಉಳಿಯಿಂದ ಮೊಳೆ ಕಡಿದು, ಬಳೆಯನ್ನು ಬಿಡಿಸಿ, ಅದರ ಒಳಮೈಗೆ ಅಂಟಿದ್ದ ಚರ್ಮವನ್ನು ತನ್ನ ಸೆರಗಿನಿಂದ ಒರೆಸಿದಳು. ಗಾಳೆಮ್ಮ ಎದುರಿಗೆ ಕುಳಿತಿದ್ದಳು, ಅತ್ತಿರಲಿಲ್ಲ. ಎದ್ದು ಬಂದು ಮೋನಮ್ಮನ ಮುಖಕ್ಕೆ ಉಗುಳಿದಳು. ಮೋನಮ್ಮ ಅದನ್ನು ಒರೆಸಿಕೊಳ್ಳಲಿಲ್ಲ. ಅಂದು ಅವಳು ಗಂಜಿ ಮುಟ್ಟಲಿಲ್ಲ, ಮರುದಿನವೂ ಮುಟ್ಟಲಿಲ್ಲ ಎಂದು ದುರುಗಮ್ಮ ಹೇಳುತ್ತಿದ್ದಳಂತೆ. ತಿದಿಯ ಮುಂದೆ ಕುಳಿತು, ಕೈಯಲ್ಲಿ ಆ ಬಳೆ ಹಿಡಿದು, ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳಂತೆ.

ಮಾಘ ಕಳೆಯುವ ಹೊತ್ತಿಗೆ ಜನರ ಮೈ ಇಳಿದುಹೋಯಿತು. ಕಾಲುಗಳು ಕೋಲಿನಂತಾಗಿ, ಕೆಲವರ ಬಳೆ ಹಿಮ್ಮಡಿಯವರೆಗೆ ಜಾರತೊಡಗಿತು. ಅದನ್ನು ಮೊದಲು ಜಡೆಯಪ್ಪನಿಗೆ ತೋರಿಸಿದವಳು ಮೋನಮ್ಮನೇ. “ಇವು ಸಡಿಲ ಆಗ್ಯಾವೆ. ಎಲ್ಲಾ ಕಳಚಿ ಕಾಸಿ ಸಣ್ಣ ಮಾಡಬೇಕು” ಎಂದಳು. ಅವನಿಗೆ ಸಂತೋಷವಾಯಿತು. ಗುಡ್ಡದವರು ಇದನ್ನು ಕೇಳಿ ಹಲ್ಲು ಕಡಿದರು. ಹಸಿವಿನಿಂದ ಸಡಿಲವಾದದ್ದನ್ನೂ ಬಿಗಿ ಮಾಡುವವಳು ಎಂಥ ಹೆಂಗಸು? ಅವಳು ಹತ್ತಿರ ಬಂದರೆ ಹೆಂಗಸರು ಬೆನ್ನು ತಿರುಗಿಸುತ್ತಿದ್ದರು. ಅವಳ ನೀರಿನ ಗಡಿಗೆಗೆ ಯಾರೋ ಬೂದಿ ಹಾಕಿದರು. ಅವಳು ದಿನಕ್ಕೆ ಕೆಲವರಂತೆ ಬೇಡಿ ಕಳಚಿ, ಕುಲುಮೆಗೆ ಹಾಕಿ, ಮತ್ತೆ ತೊಡಿಸುತ್ತ ಹೋದಳು.

ತಿದಿ ಒತ್ತುತ್ತಿದ್ದ ದುರುಗಮ್ಮನಿಗೆ ಒಂದು ದಿನ ಸಂಶಯ ಬಂತು. ನೇಗಿಲ ಕುಳ ಕಾಸುವಾಗ ಕಬ್ಬಿಣ ಕೆಂಪಗೆ ಬಂದರೆ ಸಾಕು ಎಂಬುದನ್ನು ಅವಳು ಊರಿನಲ್ಲಿ ಎಷ್ಟೋ ಸಲ ಕಂಡಿದ್ದಳು. ಇಲ್ಲಿ ಕಬ್ಬಿಣ ಬೆಳ್ಳಗಾಗಿ ಕಿಡಿ ಉದುರಿಸುತ್ತಿತ್ತು. “ಯವ್ವಾ, ಇಷ್ಟು ಕಾಸಿದ್ರೆ ಕಬ್ಬಿಣ ಸುಟ್ಟು ಹೋಗೋದಿಲ್ವೇನೇ?” ಎಂದಳು. ಮೋನಮ್ಮ, “ಒತ್ತು ಅತ್ತೆ, ಇನ್ನೂ ಒತ್ತು” ಎಂದಳಷ್ಟೆ. ಕಿಡಿ ಉದುರುತ್ತಿದ್ದ ಬಳೆಯನ್ನು ತಣ್ಣೀರಿಗೆ ಅದ್ದಿ ತೆಗೆದು ದುರುಗಮ್ಮನ ಕೈಗಿತ್ತಳು. ಆಮೇಲೆ ಸುತ್ತ ನೋಡಿ, ಅದನ್ನು ಅಡಿಗಲ್ಲಿನ ಅಂಚಿಗಿಟ್ಟು ಒಂದೇ ಪೆಟ್ಟು ಹಾಕಿದಳು. ಬಳೆ ಹೆಂಚಿನಂತೆ ಒಡೆದು ಎರಡಾಯಿತು. ದುರುಗಮ್ಮನ ಕೈ ತಿದಿಯ ಮೇಲೆಯೇ ನಿಂತುಹೋಯಿತು. ಕೂಡಲೇ ಮೋನಮ್ಮ, “ತಿದಿ ನಿಲ್ಲಿಸಬ್ಯಾಡ. ಸದ್ದು ಕೇಳ್ತಾ ಅವರೆ” ಎಂದಳು. ಸುಟ್ಟ ಕಬ್ಬಿಣಕ್ಕೆ ನೋಟದಲ್ಲಿ ಯಾವ ಕುಂದೂ ಇರುವುದಿಲ್ಲ. ನಡೆದರೆ, ಎಳೆದರೆ ತಾಳುತ್ತದೆ. ಒಳ್ಳೆಯ ಪೆಟ್ಟು ಬಿದ್ದರೆ ಮಾತ್ರ ಒಡೆಯುತ್ತದೆ.

ದುರುಗಮ್ಮ ತಮ್ಮನಿಗೆ ಹೇಳಿದಳು. ತಿಪ್ಪೇಗೌಡ ಉಳಿ ಮೊನೆ ಮಾಡಿಸುವ ನೆಪದಲ್ಲಿ ಕುಲುಮೆಗೆ ಬಂದು ಕುಳಿತ. ಅವನು, “ಯಾವಾಗ?” ಎಂದ. ಅವಳು, “ಹೊಳೆ ಬತ್ತಲಿ” ಎಂದಳು. ಹೋದ ಸಲ ಅವರನ್ನು ಹಿಡಿದುಕೊಟ್ಟದ್ದು ದೊರೆಯ ಕುದುರೆಗಿಂತ ಹೊಳೆಯ ನೀರು. ಬೇಸಿಗೆಯಲ್ಲಿ ಹಗರಿ ಬರಿಯ ಮರಳು. ಗುಡ್ಡದಿಂದ ಓಡಿದರೆ ಕುರುಚಲು ದಾಟಿ ಮರಳಿಗೆ, ಮರಳಿನಿಂದ ಆಚೆ ದಂಡೆಗೆ. ಕಾವಲಿನವರು ಹುಣಿಸೆ ಮರದ ಕೆಳಗೆ ಮಲಗುವ ನಡುಮಧ್ಯಾಹ್ನವೇ ತಕ್ಕ ಹೊತ್ತು. ಆದರೆ ಎಲ್ಲರೂ ಓಡಿದರೆ ಉಳಿಗಳ ಸದ್ದು ನಿಲ್ಲುತ್ತದೆ. ಸದ್ದು ನಿಂತರೆ ಕುರುಚಲು ದಾಟುವಷ್ಟರಲ್ಲಿಯೇ ಕುದುರೆಗಳು ಬರುತ್ತವೆ. ಇದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ. “ಓಡಲಾರದೋರು ಇದ್ದೀವಿ. ನಾವು ಕಲ್ಲು ಬಡೀತೀವಿ” ಎಂದ ತಿಪ್ಪೇಗೌಡ. ಮೋನಮ್ಮ, “ಬರೀ ಉಳಿ ಸದ್ದು ಸಾಕಾಗಲ್ಲ ಗೌಡ್ರೇ. ಅಡಿಗಲ್ಲಿನ ಸದ್ದೂ ಬೇಕು” ಎಂದಳು. ಅವಳಿಗೆ ಬೇಡಿಯಿರಲಿಲ್ಲ, ಕಾಲು ಗಟ್ಟಿಯಿದ್ದವು, ವಯಸ್ಸೂ ಹೆಚ್ಚಲ್ಲ. ಗೌಡ ಅದನ್ನು ಹೇಳಬೇಕೆಂದಿದ್ದವನು ಅವಳ ಮುಖ ನೋಡಿ ತನ್ನ ಉಳಿ ತೆಗೆದುಕೊಂಡು ಎದ್ದ.

ಉಗಾದಿ ಕಳೆದು ಹೊಳೆ ಪೂರ್ತಿ ಒಣಗಿದ ಮೇಲೆ ಒಂದು ಮಧ್ಯಾಹ್ನ ಆ ಕೆಲಸ ನಡೆಯಿತು. ಸುದ್ದಿ ಹಿಂದಿನ ದಿನವಷ್ಟೇ ಎಲ್ಲರಿಗೂ ಮುಟ್ಟಿತ್ತು. ಗಾಳೆಮ್ಮನಿಗೆ ಆಗ ದಿನ ತುಂಬುತ್ತ ಬಂದಿತ್ತು. ಅವಳು ಕುಲುಮೆಯ ಮುಂದೆ ಬಂದು ನಿಂತು, “ನೀನೂ ಬಾ” ಎಂದಳು. “ನಾನು ಬಂದ್ರೆ ನೀನು ಹೋಗೋಕೆ ಆಗಲ್ಲ” ಎಂದಳು ಮೋನಮ್ಮ; ಆಮೇಲೆ, “ಕಾಲು ಚಾಚು” ಎಂದು ತಾನೇ ಅವಳ ಬೇಡಿಯನ್ನು ಅಡಿಗಲ್ಲಿನ ಮೇಲಿಟ್ಟು ಒಡೆದಳು. ಉಳಿದವರು ಕಲ್ಲೊಡೆಯುವ ಸುತ್ತಿಗೆಗಳಿಂದ ಒಬ್ಬರದನ್ನೊಬ್ಬರು ಒಡೆದರು. ದಿನದ ಸದ್ದಿನಲ್ಲಿ ಆ ಸದ್ದು ಬೆರೆತುಹೋಯಿತು. ಸುಟ್ಟ ಕಬ್ಬಿಣ ಚೂರಾಗಿ ಹಾರಿ ಹಲವರ ಕಾಲು ಸೀಳಿತು, ಯಾರೂ ಕೂಗಲಿಲ್ಲ. ತಾಯಂದಿರು ಮಕ್ಕಳ ಬಾಯಿಗೆ ಸೆರಗು ತುರುಕಿದ್ದರು. ತಿಪ್ಪೇಗೌಡ ಬೆರಳೆಣಿಕೆಯ ಮುದುಕ ಮುದುಕಿಯರನ್ನು ಬಂಡೆಯುದ್ದಕ್ಕೂ ದೂರ ದೂರ ಕೂರಿಸಿ, ಒಬ್ಬೊಬ್ಬರೂ ಇಬ್ಬರ ಸದ್ದು ಮಾಡಬೇಕೆಂದು ಹೇಳಿದ. ಓಡುವವರಿಗೆ ಅವನು ಹೇಳಿದ್ದು ಇಷ್ಟೇ: “ಹಿಂದಕ್ಕೆ ನೋಡಬ್ಯಾಡ್ರಿ. ಸದ್ದು ಕೇಳ್ತಿರೋ ತನಕ ನಾವು ಇದ್ದೀವಿ ಅಂತ ತಿಳ್ಕೊಳ್ರಿ.”

ಅವರು ಗುಡ್ಡದ ಹಿಂಬದಿಯಿಂದ ಇಳಿದು ಓಡಿದರು. ತಿಂಗಳುಗಟ್ಟಲೆ ಗೇಣಷ್ಟೇ ಅಗಲಕ್ಕೆ ಕಾಲಿಟ್ಟು ನಡೆದವರಿಗೆ ಓಡುವುದು ಮರೆತುಹೋಗಿತ್ತು. ಸರಪಳಿ ಇಲ್ಲದಿದ್ದರೂ ಕಾಲು ಗೇಣಿಗೆ ಗೇಣು ಬೀಳುತ್ತಿತ್ತು. ಮುಗ್ಗರಿಸಿ, ಎದ್ದು, ಮತ್ತೆ ಮುಗ್ಗರಿಸಿ ಹೋದರು. ಮರಳು ಹಂಚಿನಂತೆ ಕಾದಿತ್ತು. ಹಿಂದಿನಿಂದ ಸದ್ದು ಬರುತ್ತಲೇ ಇತ್ತು: ಉಳಿಗಳ ಸಣ್ಣ ಟಣಟಣ, ಅದರ ನಡುವೆ ಅಡಿಗಲ್ಲಿನ ಭಾರವಾದ ಪೆಟ್ಟು. ಮರಳಿನ ಅರ್ಧಕ್ಕೆ ಬಂದಾಗ ಸಣ್ಣ ಸದ್ದುಗಳು ಒಂದೊಂದಾಗಿ ನಿಲ್ಲತೊಡಗಿದವು. ಯಾವ ಸದ್ದು ಯಾರದೆಂದು ಓಡುವವರಿಗೆ ಗೊತ್ತಿರಲಿಲ್ಲ. ಪ್ರತಿ ಸದ್ದು ನಿಂತಾಗಲೂ ಪ್ರತಿಯೊಬ್ಬರೂ ತಮ್ಮ ತಾಯಿ, ತಮ್ಮ ತಂದೆ ಎಂದುಕೊಂಡರು. ಒಬ್ಬ ತಡೆಯಲಾರದೆ ತಿರುಗಿ ಗುಡ್ಡದ ಕಡೆಗೆ ಓಡಿದ. ಅವನನ್ನು ಮತ್ತೆ ಯಾರೂ ಕಾಣಲಿಲ್ಲ. ಕೊನೆಗೆ ಅಡಿಗಲ್ಲಿನ ಸದ್ದೊಂದೇ ಉಳಿಯಿತು. ಗಾಳೆಮ್ಮ ಆಚೆ ದಂಡೆಯ ಹುಲ್ಲನ್ನು ಕೈಯಿಂದ ಹಿಡಿದು ಏರುತ್ತಿದ್ದಾಗ ಅದೂ ನಿಂತಿತು.

ಗುಡ್ಡದ ಮೇಲೆ ನಡೆದದ್ದನ್ನು ಕಂಡು ಉಳಿದವಳು ದುರುಗಮ್ಮ ಒಬ್ಬಳೇ. ಸದ್ದು ಬರುತ್ತಿದ್ದರೂ ಬಹಳ ಹೊತ್ತಿನಿಂದ ಒಂದು ಕಲ್ಲೂ ಕೆಳಗೆ ಉರುಳಲಿಲ್ಲವೆಂದು ಜಡೆಯಪ್ಪ ಅನುಮಾನಗೊಂಡು ಮೇಲೆ ಹತ್ತಿದ. ಬಂಡೆಯುದ್ದಕ್ಕೂ ಮುದುಕರು ಕುಳಿತು ಬರಿ ಕಲ್ಲಿಗೆ ಬಡಿಯುತ್ತಿದ್ದರು. ಕಾವಲಿನವರು ಅವರನ್ನು ಕುಳಿತಲ್ಲೇ ಕಡಿಯುತ್ತ ಬಂದರು. ತಿಪ್ಪೇಗೌಡ ಸಾಲಿನ ಕೊನೆಯವನು. ಪಕ್ಕದವಳು ಬಿದ್ದದ್ದನ್ನು ಕಂಡೂ ಅವನು ಕೈ ನಿಲ್ಲಿಸಲಿಲ್ಲ. ಜಡೆಯಪ್ಪ ಕುಲುಮೆಗೆ ಬಂದಾಗ ಬೆಂಕಿ ಆರಿತ್ತು. ಮೋನಮ್ಮ ಬರಿ ಅಡಿಗಲ್ಲಿನ ಮೇಲೆ ಸಮ್ಮಟಿಗೆ ಹಾಕುತ್ತಿದ್ದಳು. “ನಿಲ್ಲಿಸೇ” ಎಂದು ಕೂಗಿದ. ಅವಳು, “ಕೆಲಸ ಇನ್ನೂ ಮುಗೀಲಿಲ್ಲ” ಎಂದು ಮತ್ತೆ ಎತ್ತಿ ಹೊಡೆದಳು. ಅವಳನ್ನು ಬೀಳಿಸಲು ಒಂದು ಪೆಟ್ಟು ಸಾಲಲಿಲ್ಲ ಎನ್ನುತ್ತಾರೆ. ದೊರೆಗೆ ಉತ್ತರ ಹೇಳಲು ಒಬ್ಬರಾದರೂ ಬೇಕೆಂದು ದುರುಗಮ್ಮನನ್ನು ಮಾತ್ರ ಹಿಡಿದಿಟ್ಟರು.

ದೊರೆ ಹೊಳೆಯ ದಂಡೆಗೆ ಬಂದು ಆಚೆ ನೋಡಿ ಹಿಂದಿರುಗಿದ. ಅವನ ಸಿಟ್ಟಿಗೆ ಸಿಕ್ಕಿದ್ದು ಒಬ್ಬಳು ಕುಂಟಿ ಮುದುಕಿ. ಅವಳನ್ನು ಕೊಲ್ಲಿಸಲಿಲ್ಲ. ಕತ್ತೆಯ ಮೇಲೆ ಕೂರಿಸಿ, ಜೊತೆಗೊಬ್ಬ ಆಳನ್ನು ಕಳುಹಿಸಿ, ಒಕ್ಕಲು ಏಳುವವರ ಗತಿ ಏನಾಗುತ್ತದೆಂದು ಸೀಮೆಯ ಊರೂರಿನಲ್ಲಿ ಹೇಳಿಬರಬೇಕೆಂದು ಆಜ್ಞೆ ಮಾಡಿದ. ದುರುಗಮ್ಮ ಹೇಳಿದಳು. ಪ್ರತಿ ಊರಿನ ಕಟ್ಟೆಯ ಮುಂದೆ ಕುಳಿತು, ಸತ್ತವರ ಒಬ್ಬೊಬ್ಬರ ಹೆಸರನ್ನೂ, ಯಾರು ಯಾವ ಬಂಡೆಯ ಬಳಿ ಹೇಗೆ ಬಿದ್ದರೆಂಬುದನ್ನೂ ಹೇಳಿದಳು. ಕೇಳಿದವರು ನಡುಗಿದರು. ಆಮೇಲೆ ಯಾರಾದರೂ, “ಉಳಿದೋರು ಏನಾದ್ರು ಅಜ್ಜಿ?” ಎಂದು ಕೇಳಿಯೇ ಕೇಳುತ್ತಿದ್ದರು. “ಆಚೆ ದಂಡೇಲಿ ಅವರೆ” ಎನ್ನುತ್ತಿದ್ದಳು. ಅದು ಸುಳ್ಳಲ್ಲವೆಂದು ಜೊತೆಗಿದ್ದ ಆಳಿಗೂ ಗೊತ್ತಿತ್ತು. ಮುಂದಿನ ಮಳೆಗೆ ಮೊದಲು ಸೀಮೆಯ ಊರುಗಳು ಒಂದರ ಹಿಂದೊಂದು ಏಳತೊಡಗಿದವು. ಹಿಡಿದು ತರಲು ಕುದುರೆ ಸಾಲಲಿಲ್ಲ. ಕುದುರೆಗೆ ಹುಲ್ಲು ಹಾಕುವವರೂ ಉಳಿಯಲಿಲ್ಲ. ದುರುಗಮ್ಮ ಯಾವ ಊರಿನಲ್ಲಿ ಸತ್ತಳೆಂಬುದು ಯಾರಿಗೂ ಗೊತ್ತಿಲ್ಲ. ಕೋಟೆ ಎದೆಯೆತ್ತರಕ್ಕೆ ಬಂದು ನಿಂತಿತು. ಚಿಕ್ಕರಂಗಪ್ಪ ಆ ಅರ್ಧ ಗೋಡೆಯೊಳಗೆಯೇ ಮುದುಕನಾದ.

ದಾಟಿದವರಿಗೂ ಸುಖವಿರಲಿಲ್ಲ. ಕಬ್ಬಿಣದ ಚೂರು ಹೊಕ್ಕ ಗಾಯಗಳು ಬಾತು ಆ ತಿಂಗಳಿನಲ್ಲಿಯೇ ಹಲವರು ಸತ್ತರು. ಆಚೆಯ ಸೀಮೆಯ ದೊರೆ, ಬೀಡು ಬಿಡಿ, ಇಲ್ಲೇ ಇರಿ, ಆದರೆ ನನ್ನ ಬಿಟ್ಟಿಯನ್ನು ಮಾಡಬೇಕು ಎಂದ. ಕೈಗೂಸು ಹೊತ್ತ ಗಾಳೆಮ್ಮ ಎಲ್ಲರ ಮುಂದೆ ನಿಂತು, “ಬೆಳೆದದ್ರಲ್ಲಿ ಪಾಲು ಕೊಡ್ತೀವಿ. ಮೈ ಕೊಡಲ್ಲ. ಆಗಲ್ಲ ಅಂದ್ರೆ ಈಗಲೇ ಮುಂದಕ್ಕೆ ಹೋಗ್ತೀವಿ” ಎಂದಳು. ಅವನೇನೂ ಧರ್ಮಾತ್ಮನಲ್ಲ. ಬೀಳುಬಿದ್ದ ಹೊಲಗಳಿದ್ದವು, ಆಳು ಬೇಕಿತ್ತು, ಒಪ್ಪಿಕೊಂಡ. ಅವನ ಮಗ ಆ ಮಾತು ಮುರಿದ. ಅವರು ಮತ್ತೊಮ್ಮೆ ಎದ್ದು ಇನ್ನಷ್ಟು ಮೂಡಲಿಗೆ ಹೋಗಬೇಕಾಯಿತು. ಬಿಡುಗಡೆಯೆಂಬುದು ಒಂದು ಸಲ ಗಳಿಸಿ ಪೆಟ್ಟಿಗೆಯಲ್ಲಿಟ್ಟುಕೊಳ್ಳುವ ವಸ್ತುವಾಗಿರಲಿಲ್ಲ.

ಗೋಣಿದುರ್ಗ ಹಾಳಾದ ಮೇಲೆ, ಗಾಳೆಮ್ಮ ಮುದುಕಿಯಾದಾಗ, ಅವರಲ್ಲಿ ಕೆಲವರು ಗುಡ್ಡಕ್ಕೆ ಬಂದರು. ಅಡಿಗಲ್ಲನ್ನು ಒಡೆಯಬೇಕೆಂದು ದೊರೆ ಹೇಳಿದ್ದನಂತೆ. ಒಡೆಯಲಾಗದೆ ಮೇಲಿನಿಂದ ಉರುಳಿಸಿದ್ದರು. ಅದು ಇಳಿಜಾರಿನ ಅರ್ಧಕ್ಕೆ ಬಂದು ಮಣ್ಣಿನಲ್ಲಿ ನಾಟಿಕೊಂಡಿತ್ತು. ಇದಕ್ಕೆ ಗುಡಿ ಕಟ್ಟಬೇಕೆಂದಾಗ ಒಬ್ಬ ಹಿರಿಯ ಅಡ್ಡ ಬಂದ. ನಮ್ಮ ಕಾಲಿಗೆ ಮೊದಲು ಬೇಡಿ ಹಾಕಿದವಳು ಅವಳೇ ಅಲ್ಲವೆ, ಅಂಥವಳಿಗೆ ಕೈ ಮುಗಿಯುವುದು ಹೇಗೆ ಎಂದ. ಗಾಳೆಮ್ಮ ಅವನ ಮಾತನ್ನು ಪೂರ್ತಿ ಕೇಳಿದಳು. “ಹೌದು, ಹಾಕಿದ್ಲು. ನನ್ನ ಗಂಡನ ಕಾಲಿಗೂ ಹಾಕಿದ್ಲು, ಹೆಣದಿಂದ ಕಿತ್ಕೊಂಡ್ಲು. ನಾನು ಅವಳ ಮುಖಕ್ಕೆ ಉಗುಳಿದ್ದೀನಿ. ಅದನ್ನ ಮುಚ್ಚಿಡಬ್ಯಾಡ್ರಿ. ಕಥೆ ಹೇಳೋವಾಗ ಎರಡನ್ನೂ ಹೇಳ್ರಿ” ಎಂದು ಹೇಳಿ, ಎಣ್ಣೆಯ ಬಟ್ಟಲು ತೆಗೆದುಕೊಂಡು ಆ ದಿಮ್ಮಿಯ ಮುಂದೆ ಕುಳಿತು, “ಅಡಿಗಲ್ಲಮ್ಮ” ಎಂದು ಮೊದಲ ಬಾರಿಗೆ ಕರೆದಳು. ಅವಳ ಹೊಟ್ಟೆಯಲ್ಲಿದ್ದ ಮಗುವಿನ ಸಂತಾನ ನಾವೆಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ನಿಜವೋ ಅಲ್ಲವೋ ನಾನರಿಯೆ.

ಈಗಲೂ ಬೇಸಿಗೆಯಲ್ಲಿ, ಹೊಳೆ ಪೂರ್ತಿ ಬತ್ತಿದ ಮೇಲೆ ಬರುವ ಸೋಮವಾರ, ಇಲ್ಲಿಗೆ ಬಂದವರಿಗೆ ಒಂದು ದೃಶ್ಯ ಕಾಣುತ್ತದೆ. ಅಂದು ಡೊಳ್ಳು ಓಲಗವಿಲ್ಲ, ಅಂಗಡಿಗಳಿಲ್ಲ. ನಡುಮಧ್ಯಾಹ್ನ ಸುತ್ತಲಿನ ಊರುಗಳ ಮುದುಕರು ಗುಡ್ಡದ ಬಂಡೆಯುದ್ದಕ್ಕೂ ದೂರ ದೂರ ಕುಳಿತು ಸುತ್ತಿಗೆಯಿಂದ ಕಲ್ಲಿಗೆ ಬಡಿಯುತ್ತಾರೆ. ಅವರ ಮಕ್ಕಳು ಮೊಮ್ಮಕ್ಕಳು ಬರಿಗಾಲಿನಲ್ಲಿ, ಹಿಂದಿರುಗಿ ನೋಡದೆ, ಮರಳು ದಾಟಿ ಆಚೆ ದಂಡೆಗೆ ಹೋಗುತ್ತಾರೆ. ಚಿಕ್ಕಂದಿನಿಂದ ನಾನೂ ಆ ಮರಳಿನಲ್ಲಿ ಓಡಿದವನೇ. ಮೊಣಕಾಲು ಕೆಟ್ಟ ಮೇಲೆ, ಕೆಲವು ವರ್ಷಗಳಿಂದ, ಕೂರುವವರ ಸಾಲಿಗೆ ಬಂದಿದ್ದೇನೆ. ನೋಡಲು ಬಂದ ಪರವೂರಿನವರು ಎಷ್ಟು ಹೊತ್ತು ಬಡಿಯುತ್ತೀರಿ ಎಂದು ಕೇಳುತ್ತಾರೆ. ಹೋಗುವವರು ಕಣ್ಣಿಗೆ ಕಾಣದಾಗುವವರೆಗೆ ಎಂಬುದು ಪದ್ಧತಿ. ಆದರೆ ಸಾಲಿನಲ್ಲಿ ಕುಳಿತ ನಮ್ಮೆಲ್ಲರ ಕಣ್ಣೂ ಮಂದ. ಅವರು ಮರಳಿನ ಅರ್ಧಕ್ಕೆ ಹೋಗುವಷ್ಟರಲ್ಲಿಯೇ ಬಿಸಿಲಿನ ಝಳದಲ್ಲಿ ಕಾಣದಾಗುತ್ತಾರೆ. ಆದ್ದರಿಂದ ಕಾಣದಾದ ಮೇಲೂ ನಾವು ಕೈ ನಿಲ್ಲಿಸುವುದಿಲ್ಲ. ಇನ್ನೂ ಬಹಳ ಹೊತ್ತು ಬಡಿಯುತ್ತೇವೆ.